ಹಿಮ ಕೈಕೊಟ್ಟಾಗ ವರದಿಯೂ ಕೈಕೊಟ್ಟರೆ?

ಜಾರುಬಂಡಿಯೊಂದಕ್ಕೆ ಎಂಜಿನ್ ಜೋಡಿಸಿ, ಹಿಮದ ಮೇಲೆ ತಾನಾಗಿಯೇ ಓಡುವ ವಾಹನವೊಂದನ್ನು ಕಾರ್ಲ್ ಎಲಿಯಾಸನ್ ಎಂಬಾತ ಸಿದ್ಧಪಡಿಸಿದ್ದು 1924ರಲ್ಲಿ. ಸ್ಥಳ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿರುವ ಸೇನರ್ ಎಂಬ ಪುಟ್ಟ ಊರು. ಇಂದಿನ ಸ್ನೋಮೊಬೈಲ್‌ನ ಪೂರ್ವಜರಲ್ಲಿ ಅದೂ ಒಂದು. ವಿಪರ್ಯಾಸವೆಂದರೆ, ಆ ಸಾಹಸಕ್ಕೆ ನೂರು ವರ್ಷ ತುಂಬಿದ 2024ರ ಚಳಿಗಾಲದಲ್ಲಿ ಆ ಸೀಮೆಯ ಜನ ಹಿಮಕ್ಕಾಗಿ ಆಕಾಶ ನೋಡುತ್ತ ಕುಳಿತಿದ್ದರು.

2023ರ ಡಿಸೆಂಬರ್‌ನಿಂದ 2024ರ ಫೆಬ್ರುವರಿವರೆಗಿನ ಅವಧಿಯು ಅಮೆರಿಕದ ಮುಖ್ಯ ಭೂಭಾಗದಲ್ಲಿ ದಾಖಲೆಗಳು ಆರಂಭವಾದ ನಂತರದ ಅತಿ ಬೆಚ್ಚನೆಯ ಚಳಿಗಾಲವಾಗಿತ್ತು ಎಂದು ಅಲ್ಲಿನ ರಾಷ್ಟ್ರೀಯ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆ ಘೋಷಿಸಿತು. ವಿಸ್ಕಾನ್ಸಿನ್, ಮಿನ್ನೆಸೋಟ, ಮಿಷಿಗನ್ ಮೂರೂ ರಾಜ್ಯಗಳಲ್ಲಿ ಹಳೆಯ ದಾಖಲೆ ಅಳಿಸಿಹೋಯಿತು. ಫೆಬ್ರುವರಿ 11ರಂದು, ಅಂದರೆ ಸಾಮಾನ್ಯವಾಗಿ ಮಂಜುಗಡ್ಡೆ ಗಟ್ಟಿಯಾಗಿ ಹರಡಿರಬೇಕಾದ ಹೊತ್ತಿನಲ್ಲಿ, ಐದು ಮಹಾ ಸರೋವರಗಳ ಒಟ್ಟು ಮೇಲ್ಮೈಯಲ್ಲಿ ಶೇ 2.7ರಷ್ಟು ಮಾತ್ರ ಮಂಜುಗಡ್ಡೆ ಇತ್ತು. ದುಲುತ್‌ನ ಪ್ರಸಿದ್ಧ ಬೇರ್‌ಗ್ರೀಸ್ ನಾಯಿಬಂಡಿ ಓಟ ರದ್ದಾಯಿತು. ಶಾಂತಸಾಗರದ ಎಲ್ ನಿನೊ ಇದಕ್ಕೆ ತಕ್ಷಣದ ಕಾರಣ. ಹಿನ್ನೆಲೆಯಲ್ಲಿ ದಶಕಗಳಿಂದ ಏರುತ್ತಿರುವ ತಾಪಮಾನವಿದೆ.

ಹಿಮದ ಕೊರತೆ ಪ್ರಕೃತಿಯ ಸಂಗತಿ. ಆದರೆ ಅಂಥ ವರ್ಷಗಳಲ್ಲಿ ಇನ್ನೊಂದು ಕೊರತೆಯೂ ತಲೆದೋರುತ್ತದೆ. ಜಾಡು ಹೇಗಿದೆ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. ಸ್ನೋಮೊಬೈಲ್ ಸವಾರರ ವಲಯದಲ್ಲಿ ಪ್ರತಿ ಬಡ ಚಳಿಗಾಲದಲ್ಲೂ ಏಳುವ ಈ ದೂರು ಹೊರಗಿನವರಿಗೆ ಕ್ಷುಲ್ಲಕವೆನಿಸಬಹುದು. ಅದರ ಹಿಂದಿನ ಏರ್ಪಾಡನ್ನು ಅರಿತರೆ ಹಾಗೆನಿಸದು.

ವಿಸ್ಕಾನ್ಸಿನ್ ಒಂದರಲ್ಲೇ ಸುಮಾರು 25,000 ಮೈಲಿ, ಅಂದರೆ 40,000 ಕಿ.ಮೀ. ಉದ್ದದ ಸ್ನೋಮೊಬೈಲ್ ಜಾಡುಗಳಿವೆ. ಇದು ಸರ್ಕಾರ ಹಾಕಿಸಿದ ರಸ್ತೆಯಲ್ಲ. ಬಹುಪಾಲು ಜಾಡು ಹಾದುಹೋಗುವುದು ರೈತರ ಹೊಲ, ಖಾಸಗಿ ಕಾಡು, ಹುಲ್ಲುಗಾವಲುಗಳ ಮೇಲೆ. ಸ್ಥಳೀಯ ಕ್ಲಬ್ಬಿನ ಸದಸ್ಯರು ಜಮೀನಿನ ಮಾಲೀಕರ ಮನೆಗೆ ಹೋಗಿ ಅನುಮತಿ ಪಡೆಯುತ್ತಾರೆ, ಶರತ್ಕಾಲದಲ್ಲಿ ಬಿದ್ದ ಮರ ತೆರವು ಮಾಡುತ್ತಾರೆ, ಸಣ್ಣ ಸೇತುವೆ ದುರಸ್ತಿ ಮಾಡುತ್ತಾರೆ, ಫಲಕ ನೆಡುತ್ತಾರೆ. ಹಿಮ ಬಿದ್ದ ಮೇಲೆ ಭಾರೀ ಹಲಗೆಯಂಥ ಉಪಕರಣವನ್ನು ಟ್ರ್ಯಾಕ್ಟರಿನಿಂದ ಎಳೆಸಿ ಉಬ್ಬು ತಗ್ಗುಗಳನ್ನು ಕೆತ್ತಿ, ಹಿಮವನ್ನು ಒತ್ತಿ ಹದಗೊಳಿಸುವವರೂ ಇವರೇ. ಒತ್ತಿದ ಹಿಮ ಗಟ್ಟಿಯಾಗಲು ಕೆಲವು ಗಂಟೆಗಳ ಚಳಿ ಬೇಕು. ಆದ್ದರಿಂದ ಈ ಕೆಲಸ ನಡೆಯುವುದು ಹೆಚ್ಚಾಗಿ ರಾತ್ರಿಯಲ್ಲಿ. ಇಂಧನ ಮತ್ತು ನಿರ್ವಹಣೆಯ ವೆಚ್ಚಕ್ಕೆ ವಾಹನ ನೋಂದಣಿ ಮತ್ತು ಜಾಡು ಪಾಸುಗಳಿಂದ ಬಂದ ಹಣ ದೊರೆಯುತ್ತದೆಯಾದರೂ ದುಡಿಮೆ ಬಹುತೇಕ ಸ್ವಯಂಸೇವೆಯದು. ಜಾಡನ್ನು ತೆರೆಯುವ, ಮುಚ್ಚುವ ಘೋಷಣೆ ಮಾಡುವುದು ಅಲ್ಲಿನ ಜಿಲ್ಲಾಡಳಿತಕ್ಕೆ ಸಮನಾದ ಕೌಂಟಿ.

ಈ ಜಾಡುಗಳನ್ನು ನಂಬಿ ಬದುಕುವವರು ಅನೇಕರು. ವಸತಿಗೃಹ, ಪೆಟ್ರೋಲ್ ಬಂಕ್, ಹೋಟೆಲು, ಪಾನಗೃಹ, ದುರಸ್ತಿ ಅಂಗಡಿ. ಉತ್ತರದ ಊರುಗಳಲ್ಲಿ ಬೇಸಿಗೆಯ ವ್ಯಾಪಾರ ಒಂದು ಕೈಯಾದರೆ ಚಳಿಗಾಲದ್ದು ಇನ್ನೊಂದು ಕೈ. ಶಿಕಾಗೊ, ಮಿಲ್ವಾಕಿ, ಮಿನ್ನಿಯಾಪೊಲಿಸ್‌ಗಳ ಸವಾರ ಶುಕ್ರವಾರ ಸಂಜೆ ವಾಹನವನ್ನು ಟ್ರೇಲರ್‌ಗೆ ಏರಿಸಿಕೊಂಡು ಗಂಟೆಗಟ್ಟಲೆ ಪ್ರಯಾಣ ಮಾಡಿ ಬರಬೇಕು. ಅವನು ಹೊರಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಗುರುವಾರ ನೋಡಿದ ಜಾಡಿನ ವರದಿ. ಆ ವರದಿಯನ್ನು ಬರೆಯುವವರು ಎಷ್ಟೋ ಸಲ ಅವನು ಬಂದರೆ ಲಾಭ ಪಡೆಯುವವರು, ಅಥವಾ ಅವರ ನೆರೆಹೊರೆಯವರು. ಸಮಸ್ಯೆಯ ಬೇರು ಇಲ್ಲಿದೆ.

ಇದರರ್ಥ ಎಲ್ಲರೂ ಸುಳ್ಳು ಬರೆಯುತ್ತಾರೆಂದಲ್ಲ. ಹಸಿ ಸುಳ್ಳು ಅಪರೂಪ. ಪದಗಳ ಜಾರುವಿಕೆಯೇ ಹೆಚ್ಚು. 'ಜಾಡು ತೆರೆದಿದೆ' ಎಂಬುದು ಕಾನೂನಿನ ಮಾತು. ಅಲ್ಲಿ ಓಡಿಸಿದರೆ ದಂಡ ಬೀಳುವುದಿಲ್ಲ ಎಂದಷ್ಟೇ ಅದರ ಅರ್ಥ. ಓದುವವನು ಅದನ್ನು 'ಜಾಡು ಚೆನ್ನಾಗಿದೆ' ಎಂದು ತಿಳಿಯುತ್ತಾನೆ. 'ಸಾಧಾರಣ' ಎಂಬ ಪದವನ್ನು ಒಬ್ಬರು ಆರು ಅಂಗುಲದ ಗಟ್ಟಿ ಪದರಕ್ಕೆ ಬಳಸಿದರೆ ಮತ್ತೊಬ್ಬರು ಕಲ್ಲು, ಹುಲ್ಲು ಇಣುಕುವ ತೆಳು ಲೇಪಕ್ಕೂ ಬಳಸುತ್ತಾರೆ. ಹೊಸದಾಗಿ ಬಿದ್ದ ಹಿಮದ ಅಳತೆ ಕೊಟ್ಟು ನೆಲದ ಮೇಲೆ ಒತ್ತಿ ನಿಂತ ಹಿಮದ ಅಳತೆ ಬಿಟ್ಟುಬಿಡುವುದು ಇನ್ನೊಂದು ಬಗೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಮೌನ. ಮಂಗಳವಾರದ ನಿಜವಾದ ವರದಿ ಬುಧವಾರದ ಮಳೆಯ ನಂತರವೂ ಶುಕ್ರವಾರದವರೆಗೆ ಹಾಗೇ ಉಳಿದಿರುತ್ತದೆ. ಬರೆದವರನ್ನು ಸುಳ್ಳುಗಾರರೆನ್ನಲು ಬಾರದು, ನಂಬಿ ಬಂದವನ ಪಾಡು ಮಾತ್ರ ತಪ್ಪದು.

ತೆಳು ಹಿಮದಲ್ಲಿ ಓಡಿಸಿದರೆ ಮೋಜು ಕಡಿಮೆಯಾಗುತ್ತದೆ, ಅಷ್ಟೇ ತಾನೇ ಎಂದು ಕೇಳಬಹುದು. ಅಷ್ಟೇ ಅಲ್ಲ. ಈಗಿನ ಬಹಳಷ್ಟು ಸ್ನೋಮೊಬೈಲ್‌ಗಳಲ್ಲಿ ಎಂಜಿನ್ನಿನ ಬಿಸಿ ದ್ರವ ತಣ್ಣಗಾಗುವುದು ತಿರುಗುವ ರಬ್ಬರ್ ಪಟ್ಟಿಯು ಮೇಲಕ್ಕೆ ಚಿಮ್ಮಿಸುವ ಹಿಮದಿಂದ. ಆ ಪಟ್ಟಿಯೊಳಗೆ ಜಾರುವ ಪ್ಲಾಸ್ಟಿಕ್ ಸರಳುಗಳಿಗೂ ಹಿಮವೇ ಎಣ್ಣೆ. ಹಿಮ ಸಾಲದಾದರೆ ಎಂಜಿನ್ ಕಾಯುತ್ತದೆ, ಸರಳು ಸವೆದು ಕರಗುತ್ತದೆ. ಬರಿಯ ಮಂಜುಗಡ್ಡೆಯ ಮೇಲೆ ಚಾಲನೆಯ ಹಿಡಿತವೂ ತಪ್ಪುತ್ತದೆ. ಮಂಜುಗಡ್ಡೆಯನ್ನು ಕೆರೆದು ಪುಡಿ ಎಬ್ಬಿಸುವ ಕೊಕ್ಕೆಗಳನ್ನು ಅಳವಡಿಸಿಕೊಂಡವರು ಸ್ವಲ್ಪ ದೂರ ನಿಭಾಯಿಸಿಯಾರು.

ವಾಹನದ ಹಾನಿ ಸವಾರನದು. ಹಣ ಕೊಟ್ಟರೆ ಸರಿಹೋಗುತ್ತದೆ. ಹೊಲದ ಹಾನಿ ಹಾಗಲ್ಲ. ಲೂಸರ್ನ್ ಮೇವಿನ ಹೊಲದ ಮೇಲೆ ಸಾಕಷ್ಟು ಹಿಮವಿದ್ದರೆ ವಾಹನಗಳು ಹಾದರೂ ಬೇರಿಗೆ ರಕ್ಷಣೆಯಿರುತ್ತದೆ. ತೆಳು ಹಿಮದಲ್ಲಿ, ಅದರಲ್ಲೂ ನೆಲ ಇನ್ನೂ ಹೆಪ್ಪುಗಟ್ಟದಿದ್ದಾಗ, ಪಟ್ಟಿಯ ಹಲ್ಲುಗಳು ಗಿಡದ ಬುಡವನ್ನೇ ಕೀಳುತ್ತವೆ. ವಸಂತದಲ್ಲಿ ಹೊಲ ನೋಡಿದ ರೈತ ಮುಂದಿನ ವರ್ಷ ಅನುಮತಿ ಕೊಡುವುದಿಲ್ಲ. ಜಾಡು ಸರಪಳಿಯಿದ್ದಂತೆ, ನಡುವಿನ ಒಬ್ಬ ಮಾಲೀಕ ಇಲ್ಲವೆಂದರೆ ಎರಡು ಊರುಗಳ ನಡುವಿನ ಸಂಪರ್ಕವೇ ಕಡಿಯುತ್ತದೆ. ಅದನ್ನು ಮತ್ತೆ ಕೂಡಿಸಲು ಕ್ಲಬ್ಬಿನವರು ಹತ್ತಾರು ಬಾಗಿಲು ತಟ್ಟಬೇಕು. ಒಂದು ವಾರಾಂತ್ಯದ ವ್ಯಾಪಾರಕ್ಕಾಗಿ ಹಿಗ್ಗಿಸಿದ ವರದಿಯ ಸಾಲ ತೀರುವುದು ಹೀಗೆ, ಬೇರೆಯವರ ದುಡಿಮೆಯಿಂದ.

ಇನ್ನು ಸರೋವರಗಳ ಮಾತು. ಜಾಡುಗಳು ಎಷ್ಟೋ ಕಡೆ ಹೆಪ್ಪುಗಟ್ಟಿದ ನೀರಿನ ಮೇಲೆ ಹಾದುಹೋಗುತ್ತವೆ. ಸ್ನೋಮೊಬೈಲ್‌ಗೆ ಹೊಸ, ತಿಳಿ ಮಂಜುಗಡ್ಡೆ ಕನಿಷ್ಠ ಐದರಿಂದ ಏಳು ಅಂಗುಲ ದಪ್ಪವಿರಬೇಕು ಎಂಬುದು ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ. ಯಾವ ಮಂಜುಗಡ್ಡೆಯೂ ಪೂರ್ಣ ಸುರಕ್ಷಿತವಲ್ಲ ಎಂದೂ ಅದೇ ಇಲಾಖೆ ಎಚ್ಚರಿಸುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ಅದೇ ರಾಜ್ಯದ ಅಪ್ಪರ್ ರೆಡ್ ಸರೋವರದಲ್ಲಿ ಮಂಜುಗಡ್ಡೆ ದಡದಿಂದ ಕಳಚಿಕೊಂಡು ಮೀನು ಹಿಡಿಯಲು ಹೋಗಿದ್ದ ನೂರಕ್ಕೂ ಹೆಚ್ಚು ಮಂದಿ ಸಿಲುಕಿಕೊಂಡಿದ್ದರು. ಅವರನ್ನೆಲ್ಲ ರಕ್ಷಿಸಲಾಯಿತು ಎಂಬುದು ಸಮಾಧಾನದ ಸಂಗತಿ. ಹಳೆಯ ವರದಿ ನಂಬಿ ಹೊರಡುವುದರ ಅಪಾಯ ಬರೀ ಹೋಟೆಲ್ ಬಾಡಿಗೆಯ ನಷ್ಟದಲ್ಲಿ ಮುಗಿಯುವುದಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಿಮದ ವರದಿಗೂ ವ್ಯಾಪಾರಕ್ಕೂ ಇರುವ ನಂಟನ್ನು ಅಂಕಿ ಅಂಶಗಳಿಂದ ತೋರಿಸಿಕೊಟ್ಟವರಿದ್ದಾರೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞರಾದ ಜೊನಾಥನ್ ಜಿನ್‌ಮನ್ ಮತ್ತು ಎರಿಕ್ ಜಿಟ್ಜೆವಿಟ್ಜ್ ಅವರು ಸ್ಕೀ ಕೇಂದ್ರಗಳು ಸ್ವತಃ ಪ್ರಕಟಿಸಿದ ಹಿಮಪಾತದ ಅಳತೆಗಳನ್ನು ಸರ್ಕಾರಿ ಹವಾಮಾನ ಕೇಂದ್ರಗಳ ದಾಖಲೆಗಳೊಂದಿಗೆ ಹೋಲಿಸಿದರು. 2016ರಲ್ಲಿ ಅಂತಿಮವಾಗಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕೇಂದ್ರಗಳು ವಾರದ ಇತರ ದಿನಗಳಿಗಿಂತ ವಾರಾಂತ್ಯದಲ್ಲಿ ಶೇ 23ರಷ್ಟು ಹೆಚ್ಚು ಹಿಮ ವರದಿ ಮಾಡುತ್ತಿದ್ದವು. ಮೋಡಗಳಿಗೆ ಶನಿವಾರ ಭಾನುವಾರಗಳ ಅರಿವಿಲ್ಲವಷ್ಟೆ! ಉತ್ಪ್ರೇಕ್ಷೆಯಿಂದ ಹೆಚ್ಚು ಗಿಟ್ಟುವ ಕೇಂದ್ರಗಳಲ್ಲೇ ಈ ಪ್ರವೃತ್ತಿ ಎದ್ದು ಕಾಣುತ್ತಿತ್ತು. ಅಧ್ಯಯನದ ಇನ್ನೊಂದು ಭಾಗ ಮತ್ತೂ ಕುತೂಹಲಕರ. 2009ರ ಜನವರಿಯಲ್ಲಿ, ಸ್ಕೀ ಮಾಡುವವರು ತಾವು ಕಂಡದ್ದನ್ನು ಸ್ಥಳದಿಂದಲೇ ಐಫೋನ್ ಮೂಲಕ ಬರೆಯುವ ಅನುಕೂಲ ಬಂತು. ಆನಂತರ ಉತ್ಪ್ರೇಕ್ಷೆ ಗಣನೀಯವಾಗಿ ತಗ್ಗಿತು, ಅದರಲ್ಲೂ ಮೊಬೈಲ್ ಸಂಕೇತ ಚೆನ್ನಾಗಿ ಸಿಗುವ ಬೆಟ್ಟಗಳಲ್ಲಿ.

ಇದು ಸ್ಕೀ ಕೇಂದ್ರಗಳ ಕಥೆ. ಸ್ನೋಮೊಬೈಲ್ ಜಾಡಿಗೆ ಅದನ್ನು ಹಾಗೇ ಅನ್ವಯಿಸಲಾಗದು. ಸ್ಕೀ ಕೇಂದ್ರಕ್ಕೆ ಒಬ್ಬ ಮಾಲೀಕ, ಒಂದು ಬೆಟ್ಟ, ಕೃತಕ ಹಿಮ ಮಾಡುವ ಯಂತ್ರ ಎಲ್ಲ ಇರುತ್ತದೆ. ಸಾವಿರಾರು ಮೈಲಿಯ ಜಾಡಿಗೆ ಕೃತಕ ಹಿಮ ಹಾಸಲು ಸಾಧ್ಯವೇ? ಕಾಡಿನೊಳಗೆ ಮೊಬೈಲ್ ಸಂಕೇತವೂ ಎಲ್ಲೆಡೆ ಸಿಗದು. ಬಯಲಲ್ಲಿ ಬಿಸಿಲಿಗೆ ಕರಗಿದ ಜಾಡು ಮರಗಳ ನೆರಳಿನಲ್ಲಿ ಚೆನ್ನಾಗಿಯೇ ಇರಬಹುದು. ಒಬ್ಬ ಸವಾರನ ಅನುಭವ ಇನ್ನೊಬ್ಬನದಕ್ಕೆ ತಾಳೆಯಾಗದು. ಆದರೂ ಒಂದು ತತ್ವ ಎರಡಕ್ಕೂ ಸಮಾನ. ಅಳೆಯುವವನಿಗೂ ಗಳಿಸುವವನಿಗೂ ನಡುವೆ ಅಂತರವಿದ್ದಷ್ಟೂ ಅಳತೆ ನಂಬಲರ್ಹ.

ಮಿಷಿಗನ್ ರಾಜ್ಯದ ಕೀವಿನಾ ಪರ್ಯಾಯ ದ್ವೀಪದಲ್ಲಿ ಹೆದ್ದಾರಿಯ ಬದಿಗೆ ಒಂದು ದೈತ್ಯ 'ಹಿಮಮಾಪಕ' ಫಲಕವಿದೆ. ಅದರ ತುದಿಯಲ್ಲಿರುವುದು 1978-79ರ ದಾಖಲೆ, 390.4 ಅಂಗುಲ. ಆ ಸೀಮೆಯಲ್ಲಿ ಹಿಮದ ಲೆಕ್ಕ ಇಡುವುದು ಕೌಂಟಿಯ ರಸ್ತೆ ನಿರ್ವಹಣಾ ಆಯೋಗ. ರಸ್ತೆಯ ಹಿಮ ಬಾಚುವ ಹೊಣೆ ಹೊತ್ತವರಿಗೆ ಅದನ್ನು ಹಿಗ್ಗಿಸಿ ಹೇಳಿ ಆಗಬೇಕಾದದ್ದೇನೂ ಇಲ್ಲ. ಆದರೆ ಇದಕ್ಕೂ ಮಿತಿಯುಂಟು. ಋತುವಿನುದ್ದಕ್ಕೂ ಬಿದ್ದ ಹಿಮದ ಒಟ್ಟು ಮೊತ್ತ ಇಂದು ಜಾಡಿನ ಮೇಲೆ ಉಳಿದದ್ದೆಷ್ಟು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಹವಾಮಾನ ಸೇವೆಯ ಹಿಮದಾಳ ನಕ್ಷೆಗಳಿವೆ. 1998ರಲ್ಲಿ ಕೊಲರಾಡೊದಲ್ಲಿ ಆರಂಭವಾದ 'ಕೊಕೊರಾಸ್' ಜಾಲದ ಸ್ವಯಂಸೇವಕರು ಮನೆಯಂಗಳದಲ್ಲಿ ಕೋಲು ಹಿಡಿದು ನಿತ್ಯ ಕೊಡುವ ಅಳತೆಗಳೂ ಇವೆ. ಇವು ಯಾವುವೂ ಹದ ಯಂತ್ರ ಓಡಿಸಿದವನ ಕಣ್ಣಿಗೆ ಸಾಟಿಯಲ್ಲ. ಆದರೆ ಅವನ ಮಾತನ್ನು ಒರೆಗೆ ಹಚ್ಚಲು ಸಾಕು.

ನಿಜ ಹೇಳಿದರೆ ಜನ ಬರುವುದೇ ಇಲ್ಲ ಎಂಬ ಭಯ ಎಷ್ಟರಮಟ್ಟಿಗೆ ಸರಿ? 2024ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್‌ನ ಹೇವರ್ಡ್‌ನಲ್ಲಿ ನಡೆದ ಅಮೆರಿಕನ್ ಬರ್ಕೆಬೈನರ್ ಸ್ಕೀ ಸ್ಪರ್ಧೆಯನ್ನು ಇಲ್ಲಿ ನೆನೆಯಬಹುದು. ಐವತ್ತು ಕಿ.ಮೀ. ಉದ್ದದ ಮಾರ್ಗದಲ್ಲಿ ಓಡಿಸುವಷ್ಟು ಹಿಮವಿಲ್ಲವೆಂಬುದನ್ನು ಸಂಘಟಕರು ಮುಚ್ಚಿಡಲಿಲ್ಲ. ಕೃತಕ ಹಿಮ ಹಾಸಿದ ಹತ್ತು ಕಿ.ಮೀ. ಸುತ್ತಿನಲ್ಲಿ ಮತ್ತೆ ಮತ್ತೆ ಸುತ್ತಬೇಕಾಗುತ್ತದೆಂದು ಮುಂಚಿತವಾಗಿಯೇ ತಿಳಿಸಿದರು. ಆದರೂ ಸಾವಿರಾರು ಮಂದಿ ಬಂದರು, ಏನು ಸಿಗುತ್ತದೆಂದು ತಿಳಿದೇ ಬಂದರು. ಎಲ್ಲರಿಗೂ ಈ ಭಾಗ್ಯವಿಲ್ಲವೆಂಬುದನ್ನೂ ಒಪ್ಪಬೇಕು. ಹನ್ನೆರಡು ಕೋಣೆಗಳ ವಸತಿಗೃಹ ನಡೆಸುವವನು 'ಈ ವಾರ ಬರಬೇಡಿ' ಎಂದು ಬರೆದರೆ ಆ ವಾರ ಅವನ ಗಲ್ಲಾ ಖಾಲಿ. ಎದುರಿನವನು ಬರೆಯದಿದ್ದರೆ ಹೊಟ್ಟೆಯುರಿ ಬೇರೆ.

ಆ ವರ್ಷ ಹಿಮದ ಕೊರತೆಯಿಂದ ನಷ್ಟ ಅನುಭವಿಸಿದ ಸಣ್ಣ ಉದ್ದಿಮೆಗಳಿಗೆ ಅಮೆರಿಕದ ಒಕ್ಕೂಟ ಸರ್ಕಾರದ ಸಣ್ಣ ಉದ್ದಿಮೆ ಆಡಳಿತ ಸಂಸ್ಥೆ ಕಡಿಮೆ ಬಡ್ಡಿಯ ವಿಕೋಪ ಸಾಲ ನೀಡಲು ಮುಂದಾಯಿತು. ಸಾಲ ಕೇಳಲು ಹಿಮವಿರಲಿಲ್ಲವೆಂದು ದಾಖಲೆ ಸಹಿತ ಹೇಳಬೇಕು. ಜನವರಿಯಲ್ಲಿ 'ಜಾಡು ಉತ್ತಮ' ಎಂದು ಬರೆದವರು ಯಾರಾದರೂ ಇದ್ದಿದ್ದರೆ ವಸಂತದ ಅರ್ಜಿಯಲ್ಲಿ ಏನು ಬರೆಯಬೇಕಾಗುತ್ತಿತ್ತೆಂಬುದು ಊಹೆಗೆ ಬಿಟ್ಟದ್ದು.

ಕನ್ನಡ ಓದುಗರಿಗೆ ಈ ಪ್ರಶ್ನೆ ತೀರ ದೂರದ್ದಲ್ಲ. ಹಿಮ ನೋಡಲೆಂದು ರಾಜ್ಯದಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಪ್ರತಿ ಚಳಿಗಾಲದಲ್ಲಿ ಹೋಗುವವರಿದ್ದಾರೆ. ಅಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ 'ಸ್ನೋ ಬೈಕ್'ಗಳು ಇದೇ ಸ್ನೋಮೊಬೈಲ್‌ಗಳು. ಅಮೆರಿಕದ ಉತ್ತರದ ಊರುಗಳು ಬಾಡಿದ್ದ 2024ರ ಜನವರಿಯಲ್ಲೇ ಗುಲ್ಮಾರ್ಗ್ ಕೂಡ ವಾರಗಟ್ಟಲೆ ಬೋಳಾಗಿತ್ತು. ಚಳಿಗಾಲದಲ್ಲಿ ಇಷ್ಟು ಒಣಗಿದ ಗುಲ್ಮಾರ್ಗನ್ನು ತಾವು ಕಂಡಿಲ್ಲವೆಂದು ಆಗ ಮಾಜಿ ಮುಖ್ಯಮಂತ್ರಿಯಾಗಿದ್ದ ಒಮರ್ ಅಬ್ದುಲ್ಲಾ ಹಳೆಯ ಚಿತ್ರಗಳ ಸಮೇತ ಸಾರ್ವಜನಿಕವಾಗಿ ಬರೆದರು. ಅಂಥ ಹೊತ್ತಿನಲ್ಲಿ ಪ್ರವಾಸ ಏರ್ಪಾಡು ಮಾಡುವವರು ತೋರಿಸುವ ಚಿತ್ರ ಯಾವ ವರ್ಷದ್ದು, ಹಿಮವಿರುವುದು ಮೈದಾನದಲ್ಲೋ ಅಥವಾ ಕೇಬಲ್ ಕಾರಿನಲ್ಲಿ ಏರಿ ತಲುಪುವ ಅಫರ್ವತ್ ಶಿಖರದ ಬಳಿಯೋ ಎಂದು ಕೇಳದೆ ಮುಂಗಡ ಕಟ್ಟಿದವರು ಕುಟುಂಬ ಸಮೇತ ಒಣಹುಲ್ಲಿನ ಮೇಲೆ ನಿಲ್ಲಬೇಕಾಗುತ್ತದೆ. ಹಿಮ ಬಂದದ್ದು ಆ ತಿಂಗಳ ಕೊನೆಗೆ.

ಮರುವರ್ಷವೂ ಗುಲ್ಮಾರ್ಗ್‌ಗೆ ಅದೇ ಪರೀಕ್ಷೆ ಎದುರಾಯಿತು. 2025ರ ಫೆಬ್ರುವರಿ 22ರಿಂದ ನಡೆಯಬೇಕಿದ್ದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗಕ್ಕೆ ಸಾಕಷ್ಟು ಹಿಮವಿಲ್ಲವೆಂದು ಅಧಿಕಾರಿಗಳು ಮೊದಲೇ ಒಪ್ಪಿಕೊಂಡು ಮುಂದೂಡಿದರು. ಹಿಮ ಬಿದ್ದ ಮೇಲೆ ಮಾರ್ಚ್ 9ರಿಂದ 12ರವರೆಗೆ ಕ್ರೀಡಾಕೂಟ ನಡೆಯಿತು.