ದೊಡ್ಡ ಚಾರ್ಜರೇ ಒಳ್ಳೆಯ ಚಾರ್ಜರೇ?

ಪೆಟ್ರೋಲ್ ಕಾರು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, 'ಲೀಟರಿಗೆ ಎಷ್ಟು ಕೊಡುತ್ತದೆ?' ಎಂಬುದು. ವಿದ್ಯುತ್ ಕಾರು ಕೊಳ್ಳುವವರ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ: 'ಮನೆಗೆ ಯಾವ ಚಾರ್ಜರ್ ಹಾಕಿಸಬೇಕು?' ಬಂಕಿನ ಪಂಪು ಎಂಥದ್ದು, ಅದರ ಕೊಳವೆ ಎಷ್ಟು ದಪ್ಪ ಎಂದು ಯಾವ ಕಾರಿನ ಒಡೆಯನೂ ತಲೆ ಕೆಡಿಸಿಕೊಂಡವನಲ್ಲ. ಈಗ ಬಂಕೇ ಮನೆಯ ಗೋಡೆಗೆ ಬಂದಿದೆ. ಅಂಗಡಿಯವರು 3.3 ಕಿಲೋವಾಟ್, 7.4 ಕಿಲೋವಾಟ್, 11 ಕಿಲೋವಾಟ್ ಎಂಬ ಅಂಕಿಗಳನ್ನು ಹೇಳುತ್ತಾರೆ. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ. ದೊಡ್ಡದನ್ನೇ ತಂದುಬಿಟ್ಟರೆ ಮುಂದೆ ಚಿಂತೆ ಇರುವುದಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಇದು ಸರಿಯೇ? ಹತ್ತನೆಯ ತರಗತಿಯ ವಿದ್ಯುತ್ ಪಾಠವನ್ನು ಗಮನವಿಟ್ಟು ಓದಿದ ವಿದ್ಯಾರ್ಥಿಗಳು ತಂದೆತಾಯಿಯರಿಗೆ ಇದರ ಉತ್ತರ ಹೇಳಬಲ್ಲರು.

ಚಾರ್ಜರ್ ಇರುವುದೆಲ್ಲಿ?

ಮೊದಲು ಹೆಸರಿನ ಗೊಂದಲ ತೀರಲಿ. ಗೋಡೆಯ ಮೇಲೆ ಕೂರಿಸುವ ಪೆಟ್ಟಿಗೆ ನಿಜವಾದ ಅರ್ಥದಲ್ಲಿ ಚಾರ್ಜರ್ ಅಲ್ಲ. ಮನೆಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್. ಬ್ಯಾಟರಿ ತುಂಬಿಕೊಳ್ಳುವುದು ನೇರ ವಿದ್ಯುತ್ತನ್ನು ಮಾತ್ರ. ಒಂದನ್ನು ಇನ್ನೊಂದಾಗಿ ಬದಲಿಸುವ ಸಾಧನ ಕಾರಿನ ಒಳಗೇ ಇದೆ. ಅದೇ ನಿಜವಾದ ಚಾರ್ಜರ್. ಹೆದ್ದಾರಿಯ ಬದಿಯ ವೇಗದ ಚಾರ್ಜರುಗಳ ಮಾತು ಬೇರೆ. ಅವು ತಾವೇ ನೇರ ವಿದ್ಯುತ್ತನ್ನು ತಯಾರಿಸಿ ಬ್ಯಾಟರಿಗೆ ಕಳಿಸುತ್ತವೆ.

ಹಾಗಾದರೆ ಗೋಡೆಯ ಪೆಟ್ಟಿಗೆಯ ಕೆಲಸವೇನು? ಅದೊಂದು ಜಾಣ ಸ್ವಿಚ್. ಕೇಬಲನ್ನು ಕಾರಿಗೆ ಸಿಕ್ಕಿಸಿದೊಡನೆ ಪೆಟ್ಟಿಗೆಯು ಸೆಕೆಂಡಿಗೆ ಸಾವಿರ ಬಾರಿ ಮಿಡಿಯುವ ಸಣ್ಣ ಸಂಕೇತವೊಂದನ್ನು ಕಳಿಸುತ್ತದೆ. ಪ್ರತಿ ಮಿಡಿತದಲ್ಲಿ ಸಂಕೇತವು ಶೇಕಡಾ 27ರಷ್ಟು ಕಾಲ ಮೇಲಿದ್ದರೆ 'ಇಲ್ಲಿ 16 ಆಂಪಿಯರ್ ಸಿಗುತ್ತದೆ' ಎಂದು ಅರ್ಥ. ಶೇಕಡಾ 53ರಷ್ಟು ಕಾಲ ಇದ್ದರೆ 32 ಆಂಪಿಯರ್. ಕಾರು ಅದನ್ನು ಓದಿ, ಆ ಮಿತಿಯೊಳಗೆ ತನಗೆ ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಕಾರು ಒಪ್ಪುವವರೆಗೆ ಕೇಬಲಿನ ತುದಿಗೆ ಮನೆಯ ವಿದ್ಯುತ್ ಬರುವುದೇ ಇಲ್ಲ.

ಇದರಿಂದ ಹೊರಡುವ ಮೊದಲನೆಯ ಪಾಠ: ಕಾರಿನ ಒಳಗಿನ ಚಾರ್ಜರಿನ ಶಕ್ತಿ ಎಷ್ಟೋ, ಚಾರ್ಜಾಗುವ ವೇಗ ಹೆಚ್ಚೆಂದರೆ ಅಷ್ಟೇ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನಲ್ಲಿ 30.2 ಯೂನಿಟ್ ಹಿಡಿಯುವ ಬ್ಯಾಟರಿಯೂ 3.3 ಕಿಲೋವಾಟಿನ ಚಾರ್ಜರೂ ಇದ್ದವು. ಅದಕ್ಕೆ 7.4 ಕಿಲೋವಾಟಿನ ಪೆಟ್ಟಿಗೆ ಜೋಡಿಸಿದರೂ ಅದು ಎಳೆಯುವುದು 3.3 ಮಾತ್ರ. 2022ರಲ್ಲಿ ಬಂದ 'ಮ್ಯಾಕ್ಸ್' ಮಾದರಿಯಲ್ಲಿ ಬ್ಯಾಟರಿ 40.5 ಯೂನಿಟ್ ಆಯಿತು, ಚಾರ್ಜರು 3.3 ಬೇಕೋ 7.2 ಬೇಕೋ ಎಂದು ಕೊಳ್ಳುವವರೇ ಆರಿಸಿಕೊಳ್ಳಬಹುದಾಯಿತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕಾರಿನ ಕೈಪಿಡಿಯಲ್ಲಿ ಈ ಅಂಕಿಯನ್ನು ನೋಡಬೇಕು.

ಹನ್ನೊಂದು ಕಿಲೋವಾಟಿನ ಪೆಟ್ಟಿಗೆಯಲ್ಲಿ ಇನ್ನೂ ಒಂದು ವಿಚಿತ್ರವಿದೆ. ಅದು ತ್ರೀ ಫೇಸ್ ಪೆಟ್ಟಿಗೆ. ಮೂರು ಫೇಸುಗಳಲ್ಲಿ ತಲಾ 16 ಆಂಪಿಯರ್ ಹರಿದಾಗ 3 × 16 × 230, ಅಂದರೆ ಸುಮಾರು 11,000 ವಾಟ್ ಆಗುತ್ತದೆ. ಆದರೆ ಕಾರಿನೊಳಗಿರುವುದು ಸಿಂಗಲ್ ಫೇಸ್ ಚಾರ್ಜರಾದರೆ ಅದು ಒಂದೇ ಫೇಸನ್ನು ಬಳಸುತ್ತದೆ. ಆಗ ಸಿಗುವುದು 16 × 230, ಸುಮಾರು 3.7 ಕಿಲೋವಾಟ್ ಮಾತ್ರ! ಇದೇ ಕಾರಿಗೆ 32 ಆಂಪಿಯರಿನ ಸಿಂಗಲ್ ಫೇಸ್ ಪೆಟ್ಟಿಗೆ ಜೋಡಿಸಿದ್ದರೆ 7 ಕಿಲೋವಾಟಿನ ಮೇಲೆ ಸಿಗುತ್ತಿತ್ತು. ಹೆಚ್ಚು ಹಣ ಕೊಟ್ಟು ಅರ್ಧ ವೇಗ ಕೊಂಡಂತಾಯಿತು.

ರಾತ್ರಿಯ ಲೆಕ್ಕ

ವೇಗ ಎಷ್ಟು ಬೇಕು ಎಂಬುದು ಎರಡನೆಯ ಪ್ರಶ್ನೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ 'ರೇವಾ' ಕಾರು ಹಲವರಿಗೆ ನೆನಪಿರಬಹುದು. ಅದರ ಸೀಸ–ಆಮ್ಲ ಬ್ಯಾಟರಿಗಳು ಹತ್ತು ಯೂನಿಟ್ಟಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ರಾತ್ರಿ ಸಿಕ್ಕಿಸಿದರೆ ಬೆಳಿಗ್ಗೆ ಕಾರು ಸಿದ್ಧ. ಈಗ ಬ್ಯಾಟರಿಗಳು ಮೂರು ನಾಲ್ಕು ಪಟ್ಟು ದೊಡ್ಡವಾಗಿವೆ ನಿಜ. ಆದರೆ ತುಂಬಬೇಕಾದದ್ದು ಇಡೀ ಬ್ಯಾಟರಿಯನ್ನಲ್ಲ, ಆ ದಿನ ಖರ್ಚಾದಷ್ಟನ್ನು.

ಕಾರು ಒಂದು ಯೂನಿಟ್ಟಿಗೆ 6 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಮನೆಯವರು ಕಚೇರಿ, ಶಾಲೆ, ಮಾರುಕಟ್ಟೆ ಎಂದು ದಿನಕ್ಕೆ 40 ಕಿಲೋಮೀಟರ್ ತಿರುಗಿದರೆ ಖರ್ಚು ಸುಮಾರು 7 ಯೂನಿಟ್. ಕಾರು 3.3 ಕಿಲೋವಾಟ್ ವೇಗದಲ್ಲಿ ತುಂಬಿಕೊಂಡರೂ ಎರಡು ಗಂಟೆ ಚಿಲ್ಲರೆ ಸಾಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂಟು ಗಂಟೆಗಳಲ್ಲಿ 26 ಯೂನಿಟ್ ತುಂಬುತ್ತದೆ. ಅದು ಸುಮಾರು 150 ಕಿಲೋಮೀಟರ್ ಪ್ರಯಾಣಕ್ಕೆ ಸಾಲುತ್ತದೆ. ದಿನವೂ ಅಷ್ಟು ದೂರ ಹೋಗದವರಿಗೆ 7.4ರ ಪೆಟ್ಟಿಗೆಯಿಂದ ಆಗುವ ಲಾಭ ಕಡಿಮೆ. ಬಾಡಿಗೆ ಓಡಿಸುವವರು, ದಿನಕ್ಕೆ 200 ಕಿಲೋಮೀಟರ್ ಹೋಗುವವರು, ಒಂದೇ ಸಾಕೆಟ್ಟಿನಲ್ಲಿ ಎರಡು ಕಾರು ತುಂಬಿಸುವವರು – ಇವರಿಗೆ ಅದು ಬೇಕು.

ಮನೆಯ ವಿದ್ಯುತ್ ಬಿಲ್ಲಿನಲ್ಲಿ 'ಮಂಜೂರಾದ ಲೋಡ್' ಎಂಬ ಅಂಕಿ ಇರುತ್ತದೆ. ಅದು 3 ಕಿಲೋವಾಟ್ ಇರುವ ಮನೆಗೆ 7.4ರ ಪೆಟ್ಟಿಗೆ ಬಂದರೆ, ಗೀಸರ್, ಪಂಪು, ಮಿಕ್ಸಿಗಳಿಗೆಲ್ಲ ಮಿಗಿಲಾದ ಹೊಸ ಹೊರೆ ಅದು. ಲೋಡ್ ಹೆಚ್ಚಿಸಲು ವಿದ್ಯುತ್ ಕಂಪನಿಗೆ ಅರ್ಜಿ ಹಾಕಬೇಕು. ಆಮೇಲೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಪೆಟ್ಟಿಗೆಯ ಬೆಲೆಯ ಜೊತೆ ಇದನ್ನೂ ಕೂಡಿಸಿ ನೋಡಬೇಕು.

ತಂತಿಯ ಬಿಸಿ

ಹಾಗಿದ್ದರೆ ಇರುವ ಸಾಕೆಟ್ಟೇ ಸಾಕಲ್ಲ ಎಂದು ಸುಮ್ಮನಾಗುವಂತಿಲ್ಲ. ಗೀಸರ್ ಕಾಲು ಗಂಟೆ ಉರಿದು ಆರುತ್ತದೆ. ಇಸ್ತ್ರಿಪೆಟ್ಟಿಗೆ ಹತ್ತಿ ಆರಿ ಹತ್ತಿ ಆರುತ್ತದೆ. ಕಾರು ಹಾಗಲ್ಲ, 14–15 ಆಂಪಿಯರನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ಎಳೆಯುತ್ತದೆ. ಜೂಲ್ ನಿಯಮದಂತೆ ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ ಎರಡು ಪಟ್ಟಾದರೆ ಉಷ್ಣ ನಾಲ್ಕು ಪಟ್ಟು.

ಲೆಕ್ಕ ಮಾಡೋಣ. ಮೀಟರಿನಿಂದ ಕಾರು ನಿಲ್ಲುವ ಜಾಗ 20 ಮೀಟರ್ ದೂರವಿದೆ. ಹಳೆಯ ವೈರಿಂಗಿನ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಹೋಗಿಬರುವ 40 ಮೀಟರಿನ ರೋಧ ಸುಮಾರು 0.27 ಓಮ್. 15 ಆಂಪಿಯರ್ ಹರಿದಾಗ ಇಡೀ ತಂತಿಯಲ್ಲಿ 61 ವಾಟ್ ಉಷ್ಣ ಹುಟ್ಟುತ್ತದೆ. ಅದೇ ತಂತಿಯಲ್ಲಿ 32 ಆಂಪಿಯರ್ ಹರಿಸಿದರೆ ಸುಮಾರು 278 ವಾಟ್. ಗೋಡೆಯೊಳಗಿನ ಪೈಪಿನಲ್ಲಿ ಗಾಳಿಯಾಡದೆ ಕುಳಿತ ತಂತಿಯ ಹೊದಿಕೆ ಇದನ್ನು ತಾಳಲಾರದು. 6 ಚದರ ಮಿಲಿಮೀಟರಿನ ತಂತಿ ಎಳೆದರೆ 32 ಆಂಪಿಯರಿಗೂ ಉಷ್ಣ 116 ವಾಟಿಗೆ ಇಳಿಯುತ್ತದೆ. ಆದ್ದರಿಂದ 7.4ರ ಪೆಟ್ಟಿಗೆ ಹಾಕಿಸುವವರು ಮೀಟರಿನ ಬಳಿಯಿಂದಲೇ ದಪ್ಪನೆಯ ಹೊಸ ತಂತಿಯನ್ನೂ ಪ್ರತ್ಯೇಕ ಎಂ.ಸಿ.ಬಿ.ಯನ್ನೂ ಹಾಕಿಸಬೇಕು. ಬಹುಮಹಡಿ ಮನೆಗಳಲ್ಲಿ ಮೀಟರಿಗೂ ಕಾರಿಗೂ ದೂರ ಇನ್ನೂ ಹೆಚ್ಚು. ತಂತಿ ಇನ್ನೂ ದಪ್ಪ ಬೇಕಾಗಬಹುದು.

ತಂತಿಗಿಂತ ಅಪಾಯಕಾರಿ ಜಾಗ ಸಾಕೆಟ್ಟಿನ ಒಳಗಿದೆ. ಸ್ಕ್ರೂ ಸಡಿಲವಾಗಿಯೋ ಪಿನ್ ಕಪ್ಪಾಗಿಯೋ ಅಲ್ಲಿ 0.1 ಓಮ್ ರೋಧ ಸೇರಿಕೊಂಡಿತು ಎನ್ನೋಣ. 15 ಆಂಪಿಯರಿಗೆ ಅಲ್ಲಿ 22.5 ವಾಟ್ ಉಷ್ಣ. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಕಡ್ಡಿ 25 ವಾಟಿನದು; ಅದು ಸೀಸವನ್ನೇ ಕರಗಿಸುತ್ತದೆ. ಉಗುರಿನಷ್ಟು ಜಾಗದಲ್ಲಿ ಅಂಥದ್ದೊಂದು ಕಡ್ಡಿ ಇಡೀ ರಾತ್ರಿ ಉರಿಯುತ್ತಿದ್ದರೆ ಏನಾದೀತು? ಪ್ಲಗ್ಗಿನ ಬಳಿ ಕಂದು ಕಲೆ, ಸುಟ್ಟ ವಾಸನೆ ಕಂಡರೆ ಅಂದೇ ನಿಲ್ಲಿಸಬೇಕು. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರಿನಿಂದ ಕಾರು ಚಾರ್ಜ್ ಮಾಡುವುದು ಸಲ್ಲದು.

ಮೂರನೆಯ ಪಿನ್

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಕಾರು ರಬ್ಬರ್ ಚಕ್ರಗಳ ಮೇಲೆ ನಿಂತಿರುತ್ತದೆ. ನೆಲಕ್ಕೂ ಅದಕ್ಕೂ ವಿದ್ಯುತ್ ಸಂಪರ್ಕವಿಲ್ಲ. ಎಲ್ಲೋ ಹೊದಿಕೆ ಹರಿದು ಕಾರಿನ ಲೋಹದ ಮೈಗೆ ವಿದ್ಯುತ್ ತಗುಲಿದರೆ ಅದು ಹರಿದುಹೋಗಬೇಕಾದದ್ದು ಮೂರನೆಯ ಪಿನ್ನಿನ ಮೂಲಕ ಭೂಮಿಗೆ. ಆ ದಾರಿ ಇಲ್ಲದಿದ್ದರೆ, ಮಳೆಯಲ್ಲಿ ಬರಿಗಾಲಿನಲ್ಲಿ ಬಂದು ಬಾಗಿಲು ಮುಟ್ಟುವ ಮಗುವೇ ಆ ದಾರಿಯಾಗುತ್ತದೆ.

ಒದ್ದೆ ಮೈಯ ರೋಧ ಸುಮಾರು ಸಾವಿರ ಓಮ್ ಎಂದುಕೊಂಡರೂ 230 ವೋಲ್ಟಿಗೆ ಹರಿಯುವುದು 0.23 ಆಂಪಿಯರ್. ಪ್ರಾಣ ತೆಗೆಯಲು ಅಷ್ಟು ಸಾಕು. ಆದರೆ 16 ಆಂಪಿಯರಿನ ಎಂ.ಸಿ.ಬಿ.ಗೆ ಅದು ಗೊತ್ತೇ ಆಗುವುದಿಲ್ಲ. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಸ್ವಿಚ್. ಅದು ಹೋದ ಪ್ರವಾಹವನ್ನೂ ಹಿಂದಿರುಗಿದ ಪ್ರವಾಹವನ್ನೂ ಹೋಲಿಸುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಚಾರ್ಜರ್ ಯಾವುದೇ ಇರಲಿ, ಇದು ಇರಲೇಬೇಕು. ಕಾರಿನ ಒಳಗಿನ ನೇರ ವಿದ್ಯುತ್ ಸೋರಿದರೂ ಗುರುತಿಸುವ ಏರ್ಪಾಡು ಗೋಡೆಯ ಪೆಟ್ಟಿಗೆಯಲ್ಲಿದೆಯೇ ಎಂದೂ ಕೇಳಿ ತಿಳಿಯಬೇಕು. ಪೆಟ್ಟಿಗೆಯು ಭಾರತೀಯ ಮಾನಕ 17017ಕ್ಕೆ ಅನುಗುಣವಾಗಿದೆಯೇ ಎಂಬುದನ್ನೂ ನೋಡಬೇಕು.

ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರುಗಳಲ್ಲಿ ಕೆಂಪು ದೀಪ ಹತ್ತಿ ಕೆಲಸ ನಿಲ್ಲುತ್ತದೆ. ಆಗ ನ್ಯೂಟ್ರಲ್ ತಂತಿಯನ್ನೇ ಮೂರನೆಯ ಪಿನ್ನಿಗೆ ಜೋಡಿಸಿ ದೀಪವನ್ನು ಹಸಿರು ಮಾಡಿಕೊಡುವವರಿದ್ದಾರೆ. ಇದಕ್ಕೆ ಯಾರೂ ಒಪ್ಪಬಾರದು. ಎಂದಾದರೊಂದು ದಿನ ಆ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ನೆಲದಲ್ಲಿ ಸರಿಯಾದ ಅರ್ಥ್ ಗುಂಡಿ ಮಾಡಿಸಿ, ಅದರ ರೋಧವನ್ನು ಅಳೆಸುವುದೇ ಸರಿಯಾದ ಉಪಾಯ. ಪೆಟ್ಟಿಗೆಗೆ ಇಟ್ಟ ಹಣದಲ್ಲಿ ಉಳಿಸಿಯಾದರೂ ಇದಕ್ಕೆ ಖರ್ಚು ಮಾಡಬೇಕು.

ಮಾಡಿ ನೋಡಿ

ಮನೆಗೆ ವಿದ್ಯುತ್ ಕಾರು ಬರುವ ಮಾತಿದ್ದರೆ ವಿದ್ಯಾರ್ಥಿಗಳು ಒಂದು ಪುಟದ ಪಟ್ಟಿ ಮಾಡಬಹುದು. ಈಗಿನ ವಾಹನ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಎರಡು ವಾರ ಬರೆದಿಡಿ. ಅದನ್ನು 6ರಿಂದ ಭಾಗಿಸಿದರೆ ದಿನಕ್ಕೆ ಬೇಕಾಗುವ ಯೂನಿಟ್ ತಿಳಿಯುತ್ತದೆ. ಕೊಳ್ಳಲಿರುವ ಕಾರಿನೊಳಗಿನ ಚಾರ್ಜರ್ ಎಷ್ಟು ಕಿಲೋವಾಟಿನದು, ಸಿಂಗಲ್ ಫೇಸೋ ತ್ರೀ ಫೇಸೋ ಎಂದು ಬರೆಯಿರಿ. ಬಿಲ್ಲಿನಲ್ಲಿರುವ ಮಂಜೂರಾದ ಲೋಡ್, ಮೀಟರಿನಿಂದ ಕಾರಿನ ಜಾಗಕ್ಕೆ ಇರುವ ದೂರ ಇವೆರಡನ್ನೂ ಸೇರಿಸಿ. ತಂತಿಯ ದಪ್ಪ ಮತ್ತು ಅರ್ಥಿಂಗಿನ ಸ್ಥಿತಿಯನ್ನು ಎಲೆಕ್ಟ್ರಿಷಿಯನ್ ನೋಡಿ ಹೇಳಲಿ. ಸಾಕೆಟ್ ಬಿಚ್ಚುವ ಸಾಹಸ ನಿಮಗೆ ಬೇಡ. ಈ ಹಾಳೆ ಕೈಯಲ್ಲಿದ್ದರೆ ಯಾವ ಚಾರ್ಜರ್ ಬೇಕೆಂಬುದನ್ನು ಅಂಗಡಿಯವರು ಹೇಳಬೇಕಾಗಿಲ್ಲ, ಮನೆಯವರೇ ಅವರಿಗೆ ಹೇಳಬಹುದು.