ಕೊಲೆಯಾದವರ ಮನೆಯವರನ್ನು ಒಂಟಿಯಾಗಿ ಬಿಡಬೇಡಿ

ಪಾಮನಕಲ್ಲೂರು ಮತ್ತು ಸುತ್ತಲಿನ ಹಳ್ಳಿಗಳ ಬಂಧುಗಳಲ್ಲಿ, ಮಸ್ಕಿ, ಸಿಂಧನೂರು, ಲಿಂಗಸುಗೂರು ಭಾಗದ ಎಲ್ಲ ಓದುಗರಲ್ಲಿ ಕಳಕಳಿಯ ವಿನಂತಿ.

2020ರ ಜುಲೈ 11ರಂದು ಸಿಂಧನೂರಿನ ಸುಕಾಲಪೇಟೆಯಲ್ಲಿ ನಡೆದದ್ದು ನಿಮಗೆ ನೆನಪಿದೆ. ಪ್ರೇಮವಿವಾಹದ ಸಿಟ್ಟಿಗೆ ಹುಡುಗನ ಮನೆಯ ಐವರು ಬಲಿಯಾದರು. 2025ರ ಏಪ್ರಿಲ್‌ನಲ್ಲಿ ಸಿಂಧನೂರಿನ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಚಹಾದಂಗಡಿಗಳಲ್ಲಿ, ಬಸ್ಸುಗಳಲ್ಲಿ ಕೆಲವು ದಿನ ಶಿಕ್ಷೆಯದೇ ಮಾತು. ಆದರೆ ನಡುವಿನ ಸುಮಾರು ಐದು ವರ್ಷ ಆ ಮನೆಯಲ್ಲಿ ಉಳಿದವರು ಹೇಗೆ ಬದುಕಿದರು ಎಂದು ಯಾರೂ ಹೆಚ್ಚು ಮಾತಾಡಲಿಲ್ಲ. ಮರಣದಂಡನೆಯನ್ನು ಹೈಕೋರ್ಟ್ ದೃಢಪಡಿಸಬೇಕು ಎಂಬುದು ಕಾನೂನು. ಹಾಗಾಗಿ ಇಂಥ ಮನೆಯವರಿಗೆ ಸಿಂಧನೂರಿನ ತೀರ್ಪಿನೊಂದಿಗೆ ಕೋರ್ಟಿನ ದಾರಿ ಮುಗಿಯುವುದಿಲ್ಲ, ಕಲಬುರಗಿ ಪೀಠದವರೆಗೂ ಅದು ಸಾಗುತ್ತದೆ.

ಕೊಲೆಯಾದಾಗ ಆರೋಪಿ ಯಾರು, ಸಿಕ್ಕನೇ, ಜಾಮೀನಾಯಿತೇ ಎಂದು ಊರೆಲ್ಲ ಕೇಳುತ್ತದೆ. ಸತ್ತವನ ಹೆಂಡತಿಯ ಕೈಯಲ್ಲಿ ಯಾವ ಕಾಗದ ಇದೆ ಎಂದು ಕೇಳುವವರು ಕಡಿಮೆ. ಪಂಚನಾಮೆ, ಪೋಸ್ಟ್‌ಮಾರ್ಟಂ, ಮಣ್ಣು ಕೊಡುವುದು ಎಲ್ಲವೂ ಎರಡು ದಿನದಲ್ಲಿ ಮುಗಿದು ಬೀಗರು ಊರಿಗೆ ಹೊರಟುಹೋಗಿರುತ್ತಾರೆ. ಆಕೆ ಹೆಬ್ಬೆಟ್ಟು ಒತ್ತಿದ ದೂರಿನಲ್ಲಿ ಏನು ಬರೆದಿದೆ ಎಂಬುದು ಆಕೆಗೇ ಗೊತ್ತಿರುವುದಿಲ್ಲ. ಆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಪಡೆಯುವುದು ಆಕೆಯ ಹಕ್ಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು 90 ದಿನದೊಳಗೆ ತಾವಾಗಿಯೇ ತಿಳಿಸಬೇಕು. ವಕೀಲರಿದ್ದರೆ ಚಾರ್ಜ್‌ಶೀಟಿನ ಪ್ರತಿಯೂ ಸಿಗುತ್ತದೆ. ಸರ್ಕಾರ ಕೇಸು ಹಿಂದಕ್ಕೆ ಪಡೆಯಲು ಹೊರಟರೆ ಕೋರ್ಟು ಮೊದಲು ಆಕೆಯ ಮಾತು ಕೇಳಬೇಕು. ಇಷ್ಟೆಲ್ಲ ಇದೆ ಎಂದು ಆಕೆಗೆ ಓದಿ ಹೇಳುವವರು ಬೇಕು.

ವಕೀಲರಿಗೆ ದುಡ್ಡೆಲ್ಲಿ ಎಂದು ಹಿಂಜರಿಯುವುದು ಬೇಡ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೊಡಲೇಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ರಾಯಚೂರಿನಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಸಿಂಧನೂರು, ಲಿಂಗಸುಗೂರು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಅಲ್ಲಿಗೆ ಹೋಗುವ ಮೊದಲು ಮನೆಯಿಂದಲೇ 15100ಕ್ಕೆ ಫೋನ್ ಮಾಡಿ ಕೇಳಬಹುದು. ಸರ್ಕಾರಿ ವಕೀಲರು ನಡೆಸುವ ಕೇಸಿನಲ್ಲಿ ಅವರಿಗೆ ನೆರವಾಗಲು ಮನೆಯವರ ವಕೀಲರಿಗೆ ಕೋರ್ಟು ಅನುಮತಿ ಕೊಡಬಹುದು.

ಪರಿಹಾರದ ವಿಷಯದಲ್ಲಿ ದೊಡ್ಡ ತಪ್ಪು ತಿಳಿವಳಿಕೆಯೊಂದಿದೆ. ಶಿಕ್ಷೆಯಾದ ಮೇಲೆಯೇ ಹಣ ಎಂದು ಬಹಳ ಜನ ಕಾಯುತ್ತ ಕೂರುತ್ತಾರೆ. ಅದು ನಿಜವಲ್ಲ. ಆರೋಪಿ ಬಿಡುಗಡೆಯಾದರೂ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಕೊಂದವನು ಯಾರೆಂದೇ ಪತ್ತೆಯಾಗದಿದ್ದರೂ ಅವಲಂಬಿತರು ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಎರಡು ತಿಂಗಳೊಳಗೆ ವಿಚಾರಣೆ ಮುಗಿಸಿ ಪ್ರಾಧಿಕಾರ ಪರಿಹಾರ ನಿರ್ಧರಿಸಬೇಕು. ತುರ್ತಿದ್ದರೆ ಮಧ್ಯಂತರ ಪರಿಹಾರವೂ ಉಂಟು. ಗಂಡ, ಮಗ ಇಬ್ಬರನ್ನೂ ಕಳೆದುಕೊಂಡ ಹರಿಯಾಣದ ಮಹಿಳೆಯೊಬ್ಬರಿಗೆ 2014ರಲ್ಲಿ ಸುಪ್ರೀಂ ಕೋರ್ಟ್ ₹10 ಲಕ್ಷ ಮಧ್ಯಂತರ ಪರಿಹಾರ ಕೊಡಿಸಿತು. ಕೊಲೆಯಾದವರು ಹೆಣ್ಣಾಗಿದ್ದರೆ 2018ರ ರಾಷ್ಟ್ರೀಯ ಯೋಜನೆಯಲ್ಲಿ ₹5ರಿಂದ 10 ಲಕ್ಷದವರೆಗೆ ಅವಕಾಶವಿದೆ. ಗಂಡನೇ ಹೆಂಡತಿಯನ್ನು ಕೊಂದ ಮನೆಗಳಲ್ಲಿ ತಾಯಿ ಮಣ್ಣಿಗೆ, ತಂದೆ ಜೈಲಿಗೆ ಹೋಗಿ ಮಕ್ಕಳು ಅಜ್ಜಿಯ ಪಾಲಾಗುತ್ತಾರೆ. ಆ ಅಜ್ಜಿಯ ಪರವಾಗಿ ಅರ್ಜಿ ಬರೆಯುವವರು ನಾವಲ್ಲದೆ ಮತ್ಯಾರು?

ದಲಿತರ ಕೊಲೆಯಾದಾಗ ಎಫ್‌ಐಆರ್‌ನಲ್ಲಿ ದೌರ್ಜನ್ಯ ತಡೆ ಕಾಯ್ದೆಯ ಕಲಂಗಳು ಸೇರಿವೆಯೇ ಎಂದು ಅಂದೇ ನೋಡಿ. 2016ರ ನಿಯಮದಂತೆ ಪರಿಹಾರ ₹8.25 ಲಕ್ಷ. ಅರ್ಧ ಪೋಸ್ಟ್‌ಮಾರ್ಟಂ ಆದ ಮೇಲೆ, ಇನ್ನರ್ಧ ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ. ಪಿಂಚಣಿ, ಮಕ್ಕಳ ಓದು, ಮೂರು ತಿಂಗಳ ದವಸಧಾನ್ಯ ಕೂಡ ನಿಯಮದಲ್ಲೇ ಇವೆ. ಆರೋಪಿಯ ಜಾಮೀನು ಅರ್ಜಿ ಬಂದರೆ ಮನೆಯವರಿಗೆ ನೋಟಿಸ್ ಕೊಡಲೇಬೇಕು.

ಇನ್ನೊಂದು ಸಣ್ಣ ಕೆಲಸ. ಸತ್ತವರ ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ, ಜೂನ್ ತಿಂಗಳ ಸಾಲುಗಳನ್ನು ನಿಧಾನವಾಗಿ ಓದಿ. ₹20 ಅಥವಾ ₹436 ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ವಿಮೆಯ ಕಂತು. ಎರಡರಲ್ಲಿ ಯಾವುದಿದ್ದರೂ ಕೊಲೆಯಿಂದಾದ ಸಾವಿಗೆ ₹2 ಲಕ್ಷ ಬರುತ್ತದೆ. ಪಾಸ್‌ಬುಕ್ ಟ್ರಂಕಿನ ತಳದಲ್ಲೇ ಉಳಿದು ಆ ಹಣ ಕೈತಪ್ಪಿದರೆ ಅದು ಎರಡನೇ ಅನ್ಯಾಯ. ಬಡ ಕುಟುಂಬದ ದುಡಿಯುವ ವ್ಯಕ್ತಿ ಸತ್ತರೆ ಸಿಗುವ ₹20,000 ಕುಟುಂಬ ನೆರವಿನ ಬಗ್ಗೆ, ವಿಧವಾ ವೇತನದ ಬಗ್ಗೆ ನಾಡಕಚೇರಿಯಲ್ಲಿ ಕೇಳಿ. ಮಕ್ಕಳಿದ್ದರೆ ತಿಂಗಳಿಗೆ ₹4,000ದ ಮಿಷನ್ ವಾತ್ಸಲ್ಯ ನೆರವಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ದಯವಿಟ್ಟು ಈ ಮನೆಗಳಿಗೆ ರಾಜಿ ಹೊತ್ತುಕೊಂಡು ಹೋಗಬೇಡಿ. ಕೊಲೆ ಕೇಸಿಗೆ ಕಾನೂನಿನಲ್ಲಿ ರಾಜಿ ಎಂಬುದೇ ಇಲ್ಲ. ಊರ ಹಿರಿಯರು ಕೂತು ಮಾಡುವ ರಾಜಿ ಎಂದರೆ ಕಣ್ಣಾರೆ ಕಂಡವರು ಕಟಕಟೆಯಲ್ಲಿ ನಿಂತು ಏನೂ ನೋಡಿಲ್ಲ ಎನ್ನುವುದು, ಅಷ್ಟೇ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿ ಎಂಬ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗೆ ಬೆದರಿಕೆಯಿದ್ದರೆ ರಕ್ಷಣೆ ಕೇಳಲು 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. ಸಮನ್ಸ್ ಬಂದಾಗ ಸಾಕ್ಷಿದಾರ ಬೆಂಗಳೂರಿಗೆ ಗುಳೆ ಹೋಗಿದ್ದರೆ ಆತನಿಗೆ ಫೋನ್ ಮಾಡಿ ಕರೆಸಿ. ಬಂದುಹೋಗುವ ಖರ್ಚು ಕೊಡಲು ಕೋರ್ಟಿಗೆ ಅವಕಾಶವಿದೆ.

ಕೇಸು ಸೋತರೂ ದಾರಿ ಮುಚ್ಚುವುದಿಲ್ಲ. ಇದನ್ನು ಖಚಿತಪಡಿಸಿದ್ದು ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಕೇಸು. ಮಲ್ಲಿಕಾರ್ಜುನ ಕೊಡಗಲಿ ಅವರ ಮೇಲೆ 2009ರಲ್ಲಿ ಹಲ್ಲೆಯಾಯಿತು, ಆರೋಪಿಗಳು ಬಿಡುಗಡೆಯಾದರು. ಅವರು ತೀರಿಕೊಂಡ ಮೇಲೂ ವಾರಸುದಾರರು ಪಟ್ಟು ಬಿಡಲಿಲ್ಲ. ಬಿಡುಗಡೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ನೊಂದವರು ವಿಶೇಷ ಅನುಮತಿ ಕೇಳಬೇಕಿಲ್ಲ ಎಂದು 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಹೇಳಿತು. ಇಂದು ದೇಶದ ಯಾವ ಮೂಲೆಯ ತಾಯಿಯೂ ಆ ಹಕ್ಕನ್ನು ಬಳಸಬಹುದು.

ಈ ಮನೆಗಳಲ್ಲಿ ನಿದ್ದೆ ಬಾರದ, ಊಟ ಬಿಟ್ಟ, ಮಾತು ನಿಲ್ಲಿಸಿದ ಮಕ್ಕಳನ್ನು ಗಾಳಿ ಸೋಂಕು ಎಂದು ಕೈಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಇಂಗ್ಲೆಂಡಿನಲ್ಲಿ 2010ರಿಂದ ಕೊಲೆಯಾದವರ ಕುಟುಂಬಗಳಿಗೆಂದೇ ರಾಷ್ಟ್ರೀಯ ಸೇವೆಯೊಂದಿದೆ. ಪ್ರತಿ ಮನೆಗೆ ಒಬ್ಬ ಕಾರ್ಯಕರ್ತರು ಬೆನ್ನಿಗಿರುತ್ತಾರೆ. ನಮ್ಮ ಹಳ್ಳಿಗಳಿಗೆ ಅಂಥ ಒಬ್ಬರನ್ನು ಯಾರೂ ಕಳಿಸುತ್ತಿಲ್ಲ. ಕಾನೂನು ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರಿದ್ದಾರೆ, ಅವರನ್ನು ನಾವೇ ಕರೆಸಿಕೊಳ್ಳಬೇಕು.

ಪಾಮನಕಲ್ಲೂರಿಗೆ ಜೊತೆಯಾಗಿ ನಿಲ್ಲುವುದು ಹೊಸದಲ್ಲ. 5ಎ ಕಾಲುವೆಗಾಗಿ 2020ರ ನವೆಂಬರ್‌ನಲ್ಲಿ ಧರಣಿ ಕೂತ ಊರು ಇದು. ನೂರು ದಿನ ದಾಟಿದರೂ ರೈತರು ಟೆಂಟು ಬಿಟ್ಟು ಏಳಲಿಲ್ಲ. ನೀರಿಗಾಗಿ ಜೊತೆಯಾಗಿ ಕೂತವರು ಒಂದು ಮನೆಯವರ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಬಸ್ ಹತ್ತಲಾರರೇ? ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ. ಓದುಬರಹ ಬಲ್ಲ ಇಬ್ಬರನ್ನು, ಅದರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ, ಈ ಕೆಲಸಕ್ಕೆ ಗೊತ್ತುಮಾಡಿ. ಅವರ ಹೆಸರಿನ ಪಕ್ಕದಲ್ಲಿ 15100 ಎಂದು ಪಂಚಾಯಿತಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.