ಗಣಿ ಯಾರದು, ತಕ್ಕಡಿ ಯಾರದು?

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದವರಿಗೆಲ್ಲ ತವರದ ಬೆಲೆ ಗೊತ್ತು. ಆ ತವರವನ್ನು ನೆಲದ ಹೊಟ್ಟೆಯಿಂದ ಅಗೆದು ತೆಗೆಯುವವನ ಬೆಲೆ ಗೊತ್ತಿರುವವರು ಕಡಮೆ. ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ ಮೊದಲು ಬೆಳ್ಳಿಗಾಗಿ, ಅನಂತರ ತವರಕ್ಕಾಗಿ ತಲೆತಲಾಂತರದಿಂದ ದುಡಿದವರ ಚರಿತ್ರೆಯನ್ನು ಈ ವಾರ ಓದುಗರ ಮುಂದಿಡುತ್ತೇವೆ. ದೇಶ ದೂರದ್ದು, ನಿಜ. ಆದರೆ ಗಿರಣಿಯ ಕೂಲಿಗಾರನಿಗಾಗಲಿ, ಪೇಟೆಯ ಚಿಲ್ಲರೆ ವ್ಯಾಪಾರಿಗಾಗಲಿ ಅರ್ಥವಾಗದ ಮಾತು ಇದರಲ್ಲಿ ಒಂದೂ ಇಲ್ಲ.

1545ರಲ್ಲಿ ಆಂಡೀಸ್ ಪರ್ವತಗಳ ನಡುವೆ, ನಾಲ್ಕು ಸಾವಿರ ಮೀಟರಿಗೂ ಮೀರಿದ ಎತ್ತರದಲ್ಲಿ, ಪೊಟೋಸಿಯ ಬೆಟ್ಟದ ಬೆಳ್ಳಿ ಸ್ಪೇನಿನವರ ಕೈಗೆ ಬಿತ್ತು. ಬೆಟ್ಟಕ್ಕೆ ‘ಸಿರಿಬೆಟ್ಟ’ ಎಂದೇ ಹೆಸರಾಯಿತು. ಬೆಳೆ ಬಾರದ ಆ ಚಳಿಯ ನೆಲದಲ್ಲಿ 17ನೆಯ ಶತಮಾನದ ಆರಂಭಕ್ಕೆ ಒಂದೂವರೆ ಲಕ್ಷ ಮೀರಿದ ಜನರ ಪಟ್ಟಣ ಎದ್ದು ನಿಂತಿತು. ಅಲ್ಲಿನ ಬೆಳ್ಳಿ ಸ್ಪೇನಿನ ದೊರೆಯ ಯುದ್ಧಗಳಿಗೆ ಹೋಯಿತು, ಅವನ ಸಾಲಗಾರರ ತಿಜೋರಿಗೆ ಹೋಯಿತು. ನಮ್ಮ ಕರಾವಳಿಯ ಮೆಣಸಿಗೂ ನಮ್ಮ ನೇಕಾರರ ಬಟ್ಟೆಗೂ ಯುರೋಪಿನ ವರ್ತಕರು ತಂದು ಸುರಿದ ಬೆಳ್ಳಿ ಬಹುಪಾಲು ಅಮೆರಿಕದ ಗಣಿಗಳದೇ.

ಅದನ್ನು ಅಗೆದವರು ಯಾರು? ಇಂಕಾ ಅರಸರ ಕಾಲದಲ್ಲಿ ಸರದಿಯ ಮೇಲೆ ಸಾರ್ವಜನಿಕ ಕೆಲಸ ಮಾಡುವ ‘ಮಿಟಾ’ ಎಂಬ ಪದ್ಧತಿ ಇತ್ತು. ದುಡಿದವನಿಗೆ ಅರಸನ ಕಣಜದಿಂದ ಅನ್ನ ಸಿಗುತ್ತಿತ್ತು. 1570ರ ದಶಕದಲ್ಲಿ ಸ್ಪೇನಿನ ರಾಜಪ್ರತಿನಿಧಿ ಫ್ರಾನ್ಸಿಸ್ಕೊ ಡಿ ಟೊಲೆಡೊ ಆ ಹೆಸರನ್ನು ಉಳಿಸಿಕೊಂಡು ಅದರ ಪ್ರಾಣವನ್ನು ಹಿಂಡಿದನು. ಸುತ್ತಣ 16 ಪ್ರಾಂತಗಳಿಂದ ವರ್ಷಕ್ಕೆ ಏಳು ಗಂಡಾಳಿಗೆ ಒಬ್ಬನಂತೆ ಸುಮಾರು 13,000 ಮಂದಿ ಪೊಟೋಸಿಗೆ ಬರಲೇಬೇಕೆಂದು ಕಟ್ಟಳೆಯಾಯಿತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಬುತ್ತಿಯನ್ನು ಲಾಮಾಗಳ ಮೇಲೆ ಹೇರಿಕೊಂಡು ಅವರು ವಾರಗಟ್ಟಲೆ ನಡೆದು ಬಂದರು. ಕೊಡುತ್ತಿದ್ದ ಕೂಲಿ ಹೊಟ್ಟೆಗೆ ಸಾಲದು. ಸುರಂಗದೊಳಗೆ ಧೂಳು, ಅದಿರು ಅರೆಯುವಲ್ಲಿ ಪಾದರಸದ ವಿಷ. ಸರದಿಗೆ ಹೆದರಿ ಊರು ಬಿಟ್ಟು ಓಡಿದವರ ಪಾಲಿನ ದಂಡವನ್ನು ಊರ ಮುಖಂಡನೇ ತೆರಬೇಕಾಗಿತ್ತು. ಹೀಗೆ ಗಣಿ ತುಂಬಿತು, ಹಳ್ಳಿ ಬರಿದಾಯಿತು.

1825ರಲ್ಲಿ ಸ್ವಾತಂತ್ರ್ಯ ಬಂತು. ಮಿಟಾ ಹೋಯಿತು, ಸ್ಪೇನಿನ ಬಾವುಟ ಇಳಿಯಿತು. ಆದರೆ ಜಮೀನುದಾರನ ಮನೆಯ ಬಿಟ್ಟಿಚಾಕರಿ ಹೋಗಲಿಲ್ಲ. ಓದು ಬಾರದವನಿಗೆ ಮತವಿಲ್ಲವೆಂಬ ಕಾನೂನಿನಿಂದ ನಾಡಿನ ಬಹುಸಂಖ್ಯಾತರಾದ ಮೂಲನಿವಾಸಿಗಳು ತಮ್ಮ ನೆಲದಲ್ಲೇ ಪರಕೀಯರಾದರು. 20ನೆಯ ಶತಮಾನದಲ್ಲಿ ಬೆಳ್ಳಿಯ ಸ್ಥಾನಕ್ಕೆ ತವರ ಬಂದಾಗ ಪಟೀನೊ, ಹೋಕ್ಷೀಲ್ಡ್, ಅರಮಾಯೊ ಎಂಬ ಮೂವರು ಧನಿಗಳೇ ದೇಶದ ನಿಜವಾದ ಸರಕಾರವಾದರು. ಇವರಲ್ಲಿ ಎಲ್ಲರಿಗಿಂತ ದೊಡ್ಡವನಾದ ಸಿಮೋನ್ ಪಟೀನೊ ಹೊರಗಿನವನಲ್ಲ, ಆ ಮಣ್ಣಿನಲ್ಲೇ ಹುಟ್ಟಿದವನು. ಧನಿಯ ಮೈಬಣ್ಣ ಬದಲಾದ ಮಾತ್ರಕ್ಕೆ ಕೂಲಿಯವನ ಹಣೆಬರಹ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 1942ರ ಡಿಸೆಂಬರ್ 21ರಂದು ಅವನ ಕಟಾವಿ ಗಣಿಯ ಮುಷ್ಕರಗಾರರ ಮೇಲೆ ಸೈನ್ಯ ಗುಂಡು ಹಾರಿಸಿತು. ಮೆರವಣಿಗೆಯ ಮುಂದೆ ಬಾವುಟ ಹಿಡಿದು ನಡೆದ ಮರಿಯಾ ಬಾರ್ಸೋಲ ಎಂಬ ಹೆಂಗಸು ಅಲ್ಲೇ ಬಿದ್ದಳು.

ಹತ್ತು ವರ್ಷಗಳಲ್ಲಿ ಲೆಕ್ಕ ತೀರಿತು. 1952ರ ಏಪ್ರಿಲಿನಲ್ಲಿ ಗಣಿಯವರು ಡೈನಮೈಟ್ ಹಿಡಿದು ಬೀದಿಗಿಳಿದರು. ಮೂರು ದಿನಗಳ ಕಾಳಗದಲ್ಲಿ ಸೈನ್ಯವೇ ಸೋತಿತು. ವಿಕ್ಟರ್ ಪಾಸ್ ಎಸ್ಟೆನ್ಸೊರೊ ಅಧ್ಯಕ್ಷನಾದನು. ಆ ವರ್ಷವೇ ಗಂಡು ಹೆಣ್ಣು, ಓದಿದವರು ಓದದವರು ಎಂಬ ಭೇದವಿಲ್ಲದೆ ಮತದಾನದ ಹಕ್ಕು ಬಂತು. ಅಕ್ಟೋಬರ್ 31ರಂದು, ಮರಿಯಾ ಬಾರ್ಸೋಲಳ ರಕ್ತ ಬಿದ್ದ ಆ ಬಯಲಿನಲ್ಲೇ, ಮೂವರು ಧನಿಗಳ ಗಣಿಗಳನ್ನು ರಾಷ್ಟ್ರೀಕರಿಸುವ ಆಜ್ಞೆಗೆ ಸಹಿ ಬಿತ್ತು. 1953ರ ಆಗಸ್ಟ್ 2ರ ಭೂಸುಧಾರಣೆ ಬಿಟ್ಟಿಚಾಕರಿಯನ್ನು ಕಿತ್ತೆಸೆದು ಉಳುವವನಿಗೆ ನೆಲ ಕೊಟ್ಟಿತು. ಮತ ಮತ್ತು ನೆಲ, ಇವೆರಡು ಸಣ್ಣ ಸಂಪಾದನೆಗಳಲ್ಲ. ಅವನ್ನು ಮರಳಿ ಕಿತ್ತುಕೊಳ್ಳುವುದು ಮುಂದೆ ಬಂದ ಸೈನ್ಯಾಧಿಕಾರಿಗಳಿಂದಲೂ ಪೂರ್ತಿಯಾಗಿ ಆಗಲಿಲ್ಲ.

ಆದರೆ ಗಣಿಯ ವಿಷಯ ಬೇರೆಯಾಯಿತು. ಅದಿರು ಬೊಲಿವಿಯದ್ದು, ಅದನ್ನು ಕರಗಿಸುವ ಕುಲುಮೆ ಇಂಗ್ಲೆಂಡಿನಲ್ಲಿ, ಬೆಲೆ ಕಟ್ಟುವ ಪೇಟೆ ಲಂಡನ್ನಿನಲ್ಲಿ. ಹೆಚ್ಚಿನ ಸತ್ವವನ್ನು ಧನಿಗಳು ಮೊದಲೇ ತೋಡಿಕೊಂಡು, ಸವೆದ ಯಂತ್ರ ಮತ್ತು ತೆಳುವಾದ ಅದಿರನ್ನು ಬಿಟ್ಟುಹೋಗಿದ್ದರು. ಅದಕ್ಕೂ ಪರಿಹಾರ ಕೊಡಲು ಸರಕಾರ ಒಪ್ಪಬೇಕಾಯಿತು. ದೇಶದ ಸ್ವಂತ ದೊಡ್ಡ ತವರದ ಕುಲುಮೆ ಓರುರೊ ಬಳಿಯ ವಿಂಟೊದಲ್ಲಿ ಉರಿಯತೊಡಗಿದ್ದು 1971ರಲ್ಲಿ, ರಾಷ್ಟ್ರೀಕರಣವಾದ ಹದಿನೆಂಟು ವರ್ಷಗಳ ಮೇಲೆ. ನಷ್ಟ ಬಂದಾಗಲೆಲ್ಲ ಅದನ್ನು ಹೊರಿಸಿದ್ದು ಕೂಲಿಯವನ ತಲೆಗೆ. 1965ರಲ್ಲಿ ಸೈನಿಕ ಸರಕಾರ ಕೂಲಿ ಕಡಿಯಿತು. 1967ರ ಜೂನ್ 24ರಂದು, ಸಂತ ಯೋಹಾನನ ಹಬ್ಬದ ಬೆಳಗಿನ ಜಾವ, ಗಣಿಯವರ ಕೇರಿಗಳಿಗೆ ನುಗ್ಗಿ ಗುಂಡಿಟ್ಟಿತು. ಗಣಿ ಸರಕಾರದ್ದು, ಗುಂಡೂ ಸರಕಾರದ್ದು!

ಆ ಕತ್ತಲಲ್ಲಿ ದಾರಿ ತೋರಿದವರು ಹೆಂಗಸರು. 1977ರ ಡಿಸೆಂಬರಿನಲ್ಲಿ ಗಣಿಯವರ ನಾಲ್ವರು ಹೆಂಡಿರು ಮಕ್ಕಳೊಡನೆ ಆಡಳಿತ ರಾಜಧಾನಿ ಲಾ ಪಾಸ್‌ಗೆ ಬಂದು ಉಪವಾಸ ಕುಳಿತರು. ಕೆಲವೇ ವಾರಗಳಲ್ಲಿ ಉಪವಾಸಿಗಳು ಸಾವಿರ ದಾಟಿದರು. ಸರ್ವಾಧಿಕಾರಿ ಬಾನ್ಸರ್ 1978ರ ಜನವರಿಯಲ್ಲಿ ರಾಜಕೀಯ ಕೈದಿಗಳಿಗೂ ಗಡೀಪಾರಾದವರಿಗೂ ಕ್ಷಮಾದಾನ ಕೊಡಬೇಕಾಯಿತು. ಬಂದೂಕಿಗೆ ಮಣಿಯದವನು ಖಾಲಿ ಹೊಟ್ಟೆಗೆ ಮಣಿದನು. ಸತ್ಯಾಗ್ರಹದ ನಾಡಿನವರಾದ ನಮಗೆ ಇದರ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯ ಪೆಟ್ಟು ಬಿದ್ದದ್ದು 1985ರಲ್ಲಿ. ಆ ಆಗಸ್ಟಿನಲ್ಲಿ ಬೆಲೆಯೇರಿಕೆ ತಡೆಯುವ ಹೆಸರಿನಲ್ಲಿ ಹೊರಟ 21060ನೆಯ ಆಜ್ಞೆ ಕೆಲಸದಿಂದ ತೆಗೆಯುವ ಬಾಗಿಲನ್ನು ತೆರೆಯಿತು. ಅಕ್ಟೋಬರಿನಲ್ಲಿ ಲಂಡನ್ ಪೇಟೆಯಲ್ಲಿ ತವರದ ಬೆಲೆ ಕುಸಿದುಬಿತ್ತು. 20,000ಕ್ಕೂ ಹೆಚ್ಚು ಗಣಿಯವರು ಬೀದಿಪಾಲಾದರು. ಅವರನ್ನೇ ನಂಬಿದ ಊರುಗಳೂ ಅವರೊಡನೆ ಬಡವಾದವು. ಆಜ್ಞೆಗೆ ಸಹಿ ಹಾಕಿದವನು ಯಾರು? 1952ರಲ್ಲಿ ರಾಷ್ಟ್ರೀಕರಣಕ್ಕೆ ಸಹಿ ಹಾಕಿದ ಅದೇ ಪಾಸ್ ಎಸ್ಟೆನ್ಸೊರೊ! ಮುಂದೆ ಒಗ್ಗಟ್ಟು ಒಡೆದು, 2006ರ ಅಕ್ಟೋಬರಿನಲ್ಲಿ ಹುವಾನುನಿಯ ತವರದ ಗಣಿಗಾಗಿ ಸಹಕಾರ ಸಂಘಗಳ ಗಣಿಯವರೂ ಸರಕಾರಿ ಗಣಿಯವರೂ ತಮ್ಮತಮ್ಮಲ್ಲೇ ಡೈನಮೈಟ್ ಎಸೆದುಕೊಂಡು ಸತ್ತರು. ಖಾಸಗಿಯವರ ಪಾಲಾಗಿದ್ದ ವಿಂಟೊ ಕುಲುಮೆಯನ್ನು ಸರಕಾರ 2007ರಲ್ಲಿ ಮರಳಿ ವಶಪಡಿಸಿಕೊಂಡಿತು. ಪೊಟೋಸಿಯ ಸಿರಿಬೆಟ್ಟ ಇಂದು ಜಗತ್ತಿನ ಪಾರಂಪರಿಕ ತಾಣ. ಅದರ ಸುರಂಗಗಳಲ್ಲಿ ಈಗಲೂ ಜನ ಧೂಳು ಕುಡಿದು ಪುಪ್ಪುಸ ಕಳೆದುಕೊಳ್ಳುತ್ತಿದ್ದಾರೆ.

ರಾಷ್ಟ್ರೀಕರಣ ವ್ಯರ್ಥವೆಂದು ಬಂಡವಾಳಗಾರರ ಪತ್ರಿಕೆಗಳು ಇದರಿಂದ ಪಾಠ ಹೇಳಬಹುದು. ನಾವು ಹಾಗೆ ಓದುವುದಿಲ್ಲ. ಒಡೆತನದ ಕಾಗದ ಬದಲಾದರೆ ಸಾಲದು, ಕುಲುಮೆಯೂ ತಕ್ಕಡಿಯೂ ದುಡಿಯುವವರ ಹತೋಟಿಗೆ ಬರಬೇಕು ಎಂಬುದೇ ಇದರ ಪಾಠ. ತೂಕ ಹಿಡಿದವನು ಬೆಲೆ ಹೇಳುತ್ತಾನೆಂಬುದು ನಮ್ಮ ಚಿಲ್ಲರೆ ವ್ಯಾಪಾರಿಗೆ ತಿಳಿಯದ್ದಲ್ಲ; ಹತ್ತಿಯ ಧಾರಣೆ ಎಲ್ಲೋ ಏರಿದಾಗ ತನ್ನ ಪಾಳಿ ನಿಲ್ಲುತ್ತದೆಂಬುದು ಗಿರಣಿಯವನಿಗೆ ತಿಳಿಯದ್ದಲ್ಲ. ಗೆದ್ದ ದಿನ ಸಂಘವನ್ನು ನಾಯಕನ ಕೈಗೆ ಒಪ್ಪಿಸಿ ಮನೆಗೆ ಹೋಗಿ ಮಲಗುವವರು, ಅದೇ ನಾಯಕನ ಎರಡನೆಯ ಸಹಿಗೆ ಸಿದ್ಧರಾಗಿರಬೇಕು. ಬೊಲಿವಿಯದ ಗಣಿಯವರು ರಕ್ತ ತೆತ್ತು ಕಲಿತದ್ದನ್ನು ನಾವು ಓದಿ ಕಲಿಯಬಹುದಾದರೆ, ಕಲಿಯೋಣ.